ಗದ್ದೆ ಬದುವಿನಲ್ಲಿ ಗುಲಾಬಿ ಮಿಡತೆ: ಮದ್ದಿನ ಪರಿಣಾಮವೋ, ಹುಟ್ಟುಗುಣವೋ?

ಬೇಣದಂಚು
ನಿನ್ನೆ ಸಂಜೆ ಬದುವಿನ ಹುಲ್ಲು ಕೊಯ್ಯುವಾಗ ಅಪ್ಪ ಕೂಗಿ ಕರೆದು ತೋರಿಸಿದ್ದು. ಫೋಟೊ ಹಾಕಿದ್ದೇನೆ, ಫಿಲ್ಟರ್ ಗಿಲ್ಟರ್ ಏನೂ ಇಲ್ಲ. ಇನ್ನೂ ರೆಕ್ಕೆ ಬಲಿಯದ ಮರಿ, ಮೀಸೆ ಮೈಗಿಂತ ಉದ್ದ. ಕಾಲು, ಬೆನ್ನು, ಹೊಟ್ಟೆ ಎಲ್ಲಾ ಗುಲಾಬಿ. ಅಕ್ಕಪಕ್ಕದ ಹುಲ್ಲಿನಲ್ಲಿದ್ದ ಅದೇ ಜಾತಿಯ ಮರಿಗಳು ಮಾತ್ರ ಎಂದಿನಂತೆ ಹಸಿರು. ಮೇಲಿನ ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆದು ತಿಂಗಳಾಗಿಲ್ಲ. ಪಕ್ಕದ ಮನೆಯವರು ನೋಡಿದವರೇ "ಎಲ್ಲಾ ಈ ಮದ್ದಿನ ಕರಾಮತ್ತು" ಅಂದರು. ಅಪ್ಪ ಒಪ್ಪಲಿಲ್ಲ. ಸಾಗರದ ಕಡೆ ಬೇರೆ ಯಾರಾದರೂ ಕಂಡಿದ್ದೀರಾ? ಇದಕ್ಕೆ ಪರಿಸರದ ಕಾರಣ ಇರಬಹುದಾ?

ಮೈಲುತುತ್ತ ಮಾವ
ಮದ್ದಿನ ಕರಾಮತ್ತಾದರೆ ನೀಲಿ ಆಗಬೇಕಿತ್ತಲ್ಲ ಮಾರಾಯಾ, ಗುಲಾಬಿ ಹೇಗಾಯ್ತು! ಕೊಳೆ ಔಷಧಿ ಅಂದರೆ ಒಂದು ಕಿಲೊ ಮೈಲುತುತ್ತ (ನೀಲಿ ಬಣ್ಣದ ತಾಮ್ರದ ಉಪ್ಪು), ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಇದರಲ್ಲಿ ಗುಲಾಬಿ ಎಲ್ಲಿಂದ ಬರಬೇಕು. ನಮ್ಮ ಮೊಮ್ಮಗ ಒಂದು ಸಲ ಔಷಧಿ ಹೊಡೆದ ಮರುದಿನ ತೋಟದಲ್ಲಿ "ನೀಲಿ ಬಸವನಹುಳು ಸಿಕ್ತು ಅಜ್ಜಾ" ಎಂದು ಕುಣಿದಾಡಿದ್ದ. ನಲ್ಲಿ ಕೆಳಗೆ ಹಿಡಿದ ಕೂಡಲೇ ನೀಲಿ ಎಲ್ಲಾ ತೊಳೆದು ಹೋಯ್ತು. ಪಾಪ, ಹುಡುಗ ಮಧ್ಯಾಹ್ನದವರೆಗೆ ಮಾತಾಡಲಿಲ್ಲ.

ಹುಳಪುಸ್ತಕ
ಮಾವನವರ ತರ್ಕ ಚೆನ್ನಾಗಿದೆ. ಮೀಸೆ ಅಷ್ಟುದ್ದ ಇರುವುದರಿಂದ ಇದು ಕೇಟಿಡಿಡ್ ಗುಂಪಿನದು, ಗಿಡ್ಡ ಮೀಸೆಯ ಮಾಮೂಲಿ ಮಿಡತೆಯಲ್ಲ. ಈ ಗುಂಪಿನಲ್ಲಿ ಅಪರೂಪಕ್ಕೆ ಗುಲಾಬಿ ಮರಿ ಹುಟ್ಟುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ಎರಿತ್ರಿಸಂ ಎಂದು ಕರೆಯುತ್ತಾರೆ. ಮಿಡತೆಯ ಹಸಿರು ಒಂದೇ ಬಣ್ಣದ್ದಲ್ಲ. ನೀಲಿಹಸಿರು ಛಾಯೆಯ ಬಿಲಿನ್ ವರ್ಣಕಗಳಿಗೆ, ತಿಂದ ಎಲೆಯಿಂದ ಬರುವ ಹಳದಿ ಕೆರೊಟಿನಾಯ್ಡ್ ಕೂಡಿ ಹಸಿರು ಕಾಣುತ್ತದೆ. ಆ ಲೆಕ್ಕ ಹುಟ್ಟಿನಲ್ಲೇ ತಪ್ಪಿ ಕೆಂಪು ವರ್ಣಕ ಮೇಲುಗೈ ಪಡೆದರೆ ಗುಲಾಬಿ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಆಡುಬಾನ್ ಕೀಟಾಲಯದಲ್ಲಿ ಅಂಬ್ಲಿಕೊರಿಫಾ ಎಂಬ ಕೇಟಿಡಿಡ್‌ನ ಗುಲಾಬಿ ಹುಳುಗಳನ್ನು ಸಾಕಿ ಮರಿ ಮಾಡಿಸಿದ್ದರು. ಅಲ್ಲಿ ಕಂಡದ್ದು ಏನೆಂದರೆ, ಗುಲಾಬಿಯೇ ಪ್ರಬಲ ಗುಣ, ಹಸಿರೇ ದುರ್ಬಲ ಗುಣ. ಶಾಲೆಯಲ್ಲಿ ಮೆಂಡೆಲ್‌ನ ಬಟಾಣಿ ಓದಿದವರಿಗೆ ಕೂಡಲೇ ಪ್ರಶ್ನೆ ಏಳಬೇಕು: ಪ್ರಬಲವಾದರೆ ಊರೆಲ್ಲ ಯಾಕೆ ಗುಲಾಬಿಯಾಗಿಲ್ಲ? ಹಸಿರು ಹುಲ್ಲಿನ ಮೇಲೆ ಕೂತ ಗುಲಾಬಿ ಮರಿ ಮೊಟ್ಟೆ ಇಡುವ ವಯಸ್ಸಿಗೆ ಬರುವ ಮೊದಲೇ ಹಕ್ಕಿ, ಓತಿಕ್ಯಾತದ ಬಾಯಿಗೆ ಬೀಳುತ್ತದೆ ಎಂಬುದು ಸರಳ ಉತ್ತರ.

ಒಂದು ಕೇಳಬೇಕು. ಬದುವಿನಲ್ಲಿ ಎಷ್ಟು ಗುಲಾಬಿ ಕಂಡಿರಿ? ಒಂದೇ ಆದರೆ ನಾನು ಹುಟ್ಟುಗುಣ ಎನ್ನುತ್ತೇನೆ. ಇಡೀ ಬದುವೇ ಬಣ್ಣ ಬದಲಿಸಿದ್ದರೆ ಮಾತು ಬೇರೆ.

ಬೇಣದಂಚು
ಒಂದೇ ಮೇಡಂ. ಇವತ್ತು ಬೆಳಿಗ್ಗೆಯೂ ಹುಡುಕಿದೆ, ಬೇರೆ ಇಲ್ಲ. ಅಪ್ಪ ತಾವು ಸಣ್ಣವರಿದ್ದಾಗ ದನ ಕಾಯಲು ಹೋದಲ್ಲಿ ಇಂಥದ್ದನ್ನು ನೋಡಿದ್ದೆ ಅನ್ನುತ್ತಾರೆ. ಆಗ ಗದ್ದೆಗೆ ಗೊಬ್ಬರ, ಸೊಪ್ಪು ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ.

ಸಂಶಯ ಪಿಶಾಚಿ
ನೀವೆಲ್ಲ ಇಷ್ಟು ಬೇಗ ಮದ್ದಿಗೆ ಕ್ಲೀನ್ ಚಿಟ್ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ ಆದ ಮೇಲಿನ ಚಿಟ್ಟೆಗಳ ಕಥೆ ಎಲ್ಲರೂ ಓದಿದ್ದೇವೆ. ವಿಕಿರಣಕ್ಕೆ ರೆಕ್ಕೆ ಬಣ್ಣವೇ ಕೆಟ್ಟಿತು. ನಮ್ಮೂರಿಗೆ ಹೊಸ ಮೊಬೈಲ್ ಟವರ್ ಬಂದ ಮೇಲೆ ನನಗೆ ಬಚ್ಚಲಲ್ಲಿ ಬಿಳಿ ಜಿರಳೆ ಕಂಡಿದೆ. ಹಾಲಿನ ಹಾಗೆ ಬಿಳಿ, ಕಣ್ಣು ಮಾತ್ರ ಕಪ್ಪು. ಇದಕ್ಕೆ ಏನಂತೀರಿ?

ಬಾಲ್ಕನಿ ಕರಿಬೇವು
ಅಯ್ಯೋ ಅಣ್ಣಾ, ಅದು ಈಗಷ್ಟೇ ಪೊರೆ ಕಳಚಿದ ಜಿರಳೆ! ಕೆಲವು ಗಂಟೆ ಕಾದಿದ್ದರೆ ಕಂದಾಗುತ್ತಿತ್ತು. ಕಾಯುವ ಮೊದಲೇ ಚಪ್ಪಲಿ ಎತ್ತಿರುತ್ತೀರಿ, ಅದಕ್ಕೇ ಬಿಳಿಯಾಗಿಯೇ ನೆನಪಿದೆ.

ಹುಳಪುಸ್ತಕ
ಅದೇ. ಹೊಸ ಪೊರೆ ಮೆತ್ತಗೆ, ಬಿಳಿಚಿ ಇರುತ್ತದೆ. ಗಾಳಿಗೆ ಗಟ್ಟಿಯಾಗುತ್ತಾ ಬಣ್ಣ ಬರುತ್ತದೆ. ಟವರ್‌ಗೂ ಅದಕ್ಕೂ ಸಂಬಂಧ ಇಲ್ಲ. "ವಿಚಿತ್ರ ಬಣ್ಣದ ಹುಳ" ಎಂದು ನನ್ನ ವಾಟ್ಸಾಪ್‌ಗೆ ಬರುವ ಫೋಟೊಗಳಲ್ಲಿ ಬಹುಪಾಲು ಹೀಗೆ ಆಗತಾನೇ ಪೊರೆ ಬಿಟ್ಟವು.

ಫುಕುಶಿಮಾ ವಿಷಯವನ್ನು ಮಾತ್ರ ತಳ್ಳಿಹಾಕಲಾಗದು. ಅಪಘಾತ ಆದದ್ದು 2011ರ ಮಾರ್ಚ್‌ನಲ್ಲಿ. ಒಕಿನಾವಾದ ರ್‍ಯೂಕ್ಯು ವಿಶ್ವವಿದ್ಯಾಲಯದ ತಂಡ ಪೇಲ್ ಗ್ರಾಸ್ ಬ್ಲೂ ಎಂಬ ಸಣ್ಣ ನೀಲಿ ಚಿಟ್ಟೆಯನ್ನು ಅದೇ ವರ್ಷದ ಮೇನಲ್ಲೂ ಸೆಪ್ಟೆಂಬರ್‌ನಲ್ಲೂ ಹಿಡಿದು ಹೋಲಿಸಿ, 2012ರಲ್ಲಿ ಪ್ರಕಟಿಸಿತು. ರೆಕ್ಕೆ ಚಿಕ್ಕದಾಗಿರುವುದು, ಕಣ್ಣಿನ ದೋಷ, ಚುಕ್ಕೆಗಳ ಜಾಗ ಬದಲಾಗಿರುವುದು, ಇವೆಲ್ಲ ಸೆಪ್ಟೆಂಬರ್‌ನಲ್ಲಿ ಹೆಚ್ಚಿದ್ದವು. ಪ್ರಯೋಗಾಲಯದಲ್ಲಿ ವಿಕಿರಣಕ್ಕೆ ಒಡ್ಡಿಯೂ ನೋಡಿದರು. ಈ ಕೆಲಸಕ್ಕೆ ಆಕ್ಷೇಪಗಳೂ ಬಂದವು. ಅದೇ ಜಾತಿಯ ಚಿಟ್ಟೆಯಲ್ಲಿ ಬರೀ ಚಳಿಯಿಂದಲೂ ರೆಕ್ಕೆಯ ಚುಕ್ಕೆಗಳು ಬದಲಾಗುತ್ತವೆ ಎಂದು ಅದೇ ತಂಡ ಮೊದಲೇ ಜಪಾನಿನಲ್ಲಿ ಆ ಚಿಟ್ಟೆಯ ನೆಲೆಯ ಉತ್ತರದ ಅಂಚಿನಲ್ಲಿ ತೋರಿಸಿತ್ತು. ಆ ತಂಡ ತಿಂಗಳುಗಳ ಅಂತರದಲ್ಲಿ, ಬೇರೆ ಬೇರೆ ಊರುಗಳಲ್ಲಿ ಹಿಡಿದು, ಸಾಕಿ, ಮರಿ ಮಾಡಿಸಿ ನೋಡಿತು, ಆದರೂ ವಾದ ನಿಂತಿಲ್ಲ. ಒಂದು ಫೋಟೊ ಇಟ್ಟುಕೊಂಡು ಮದ್ದೇ ಕಾರಣ ಎನ್ನಲು ನನಗಂತೂ ಧೈರ್ಯ ಸಾಲದು. ಅಂದಹಾಗೆ ಆ ಚಿಟ್ಟೆ ನಮ್ಮಲ್ಲೂ ಇದೆ, ಅಂಗಳದ ಪುಳ್ಳಂಪುರಚಿ ಗಿಡದ ಮೇಲೆ ಹಾರಾಡುತ್ತಿರುತ್ತದೆ.

ತೊಗರಿ ಸೀಮಿ
ನಮಸ್ಕಾರ್ರಿ ಎಲ್ಲಾರ್ಗೂ. ಕಲಬುರಗಿ ಕಡಿಂದ. ಬಣ್ಣದ ಮಾತು ಬಂದದ ಅಂದ್ರ ನಮ್ ಹೊಲಕ್ಕ ಬರ್ರಿ. ತೊಗರಿಯೊಳಗ ಕಾಯಿಕೊರಕ ಕೀಡಿ ಒಂದೇ ಜಾತಿದು, ಬಣ್ಣ ನೋಡಿದ್ರ ಹತ್ತ್ ಜಾತಿ ಅನಸ್ತದ. ಹೂವಿನಾಗ ಕುಂತದ್ದು ಹಳದಿ, ಎಳಿ ಕಾಯಾಗ ತಲಿ ತೂರಿಸಿ ಅರ್ಧ ಮೈ ಹೊರಗ ಬಿಟ್ಟದ್ದು ಹಸರು, ಬಲತ ಕಾಯಾಗಿನದು ಕಂದು, ಒಮ್ಮೊಮ್ಮಿ ಗುಲಾಬಿನೂ ಸಿಗ್ತದ. ತಾಡಪತ್ರಿ ಹಾಸಿ ಗಿಡ ಝಾಡಿಸಿದ್ವಿ ಅಂದ್ರ ಎಲ್ಲಾ ಬಣ್ಣದ್ದೂ ಕೂಡೇ ಉದುರತಾವ, ಕೆಳಗ ಬಿದ್ದವ ಸುತ್ಕೊಂಡು ಸತ್ತಂಗ ನಾಟಕ ಮಾಡ್ತಾವ. ಎಣ್ಣಿ (ಕೀಡಿ ಔಷಧ) ಅಂಗಡಿಯವರು "ಇದು ಹೊಸಾ ಕೀಡಿ, ಇದಕ್ಕ ಬ್ಯಾರೇನ ಎಣ್ಣಿ ಬೇಕು" ಅಂತ ಕೊಡ್ತಾರ. ಅದು ಖರೇ ಏನ್ರಿ ಮೇಡಂ?

ಹುಳಪುಸ್ತಕ
ಕೀಡಿ ಒಂದೇ, ಹೆಲಿಕೊವರ್ಪ ಆರ್ಮಿಜೆರ. ಅದು ಏನು ತಿನ್ನುತ್ತಿದೆ, ಎಷ್ಟನೇ ಪೊರೆ ಬಿಟ್ಟಿದೆ ಎಂಬುದರ ಮೇಲೆ ಬಣ್ಣ ಬದಲಾಗುತ್ತದೆ. ಇಲ್ಲಿ ಪರಿಸರದ ಕೈ ನೇರವಾಗಿಯೇ ಇದೆ. ಬಣ್ಣ ನೋಡಿ ಔಷಧಿ ಬದಲಿಸುವುದು ದುಡ್ಡಿಗೆ ದಂಡ.

ಒಂದು ಬಣ್ಣಕ್ಕೆ ಮಾತ್ರ ಗಮನ ಕೊಡಿ. ಗಿಡದ ತುದಿಗೆ ಹತ್ತಿ, ಹಿಂಗಾಲಲ್ಲಿ ಹಿಡಿದುಕೊಂಡು ತಲೆ ಕೆಳಗಾಗಿ ಜೋತುಬಿದ್ದ ಕೀಡಿ ಕಂಡರೆ, ಮೈ ಮೊದಲು ಬಿಳಿಚಿ ಆಮೇಲೆ ಕಪ್ಪಾಗಿ, ಮುಟ್ಟಿದರೆ ಒಡೆದು ನೀರಾಗುವಂತಿದ್ದರೆ, ಅದಕ್ಕೆ ಎನ್‌ಪಿವಿ ಎಂಬ ವೈರಸ್ಸಿನ ನಂಜುರೋಗ ತಗುಲಿದೆ ಅಂತ ಅರ್ಥ. ಅದು ನಿಮ್ಮ ಪರವಾಗಿ ಕೆಲಸ ಮಾಡುವ ರೋಗ.

ರೇಷ್ಮೆ ಮನೆ
ಮೇಡಂ ಹೇಳಿದ್ದು ಓದ್ತಿದ್ದಂಗೇ ಎದೆ ಧಸಕ್ಕಂತು. ನಿಮ್ಗೆ ಪರವಾಗಿ ಕೆಲ್ಸ ಮಾಡೋ ರೋಗ ನಮ್ಗೆ ಮನೆ ಹಾಳು ಮಾಡೋದು! ಹುಳು ಸಾಕೋರಿಗೆ ಬಣ್ಣ ಅಂದ್ರೆ ಜಾತಕ ಇದ್ದಂಗೆ. ಹುಳ ಉಬ್ಬಿ, ಚರ್ಮ ಮಿಣಮಿಣ ಹೊಳೀತಾ, ಚುಚ್ಚಿದ್ರೆ ಹಾಲು ಸುರಿದ್ರೆ ಹಾಲುತೊಂಡೆ. ಸತ್ತ ಹುಳ ಗಟ್ಟಿಯಾಗಿ, ಮೈಮೇಲೆ ಸುಣ್ಣ ಬಳ್ದಂಗೆ ಬೆಳ್ಳಗಾದ್ರೆ ಸುಣ್ಣಕಟ್ಟು. ಅದು ಬೂಷ್ಟು, ಮಳೆಗಾಲ ಚಳಿಗಾಲದಾಗೆ ಥಂಡಿ ಹಿಡಿದ ಮನೇಲಿ ಜಾಸ್ತಿ. ಮನೆ ಗಾಳಿ ಬೆಳಕು ಸರಿ ಇಲ್ದಿದ್ರೆ ಹುಳದ ಬಣ್ಣ ಮೊದ್ಲು ಹೇಳ್ತದೆ.

ರೋಗ ಇಲ್ದೇ ಬಣ್ಣ ಬದ್ಲಾಗೋದೂ ಉಂಟು. ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದು ಸೊಪ್ಪು ತಿಂದು ತಿಂದು, ಹಣ್ಣಾಗೋ ಹೊತ್ಗೆ ಮೈ ದ್ರಾಕ್ಷಿಯಂಗೆ ಒಳಗಿಂದ ಕಾಣ್ತದೆ. ಆಗ ಆಯ್ದು ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟಿಗೆ) ಬಿಡ್ಬೇಕು, ತಡ ಮಾಡಿದ್ರೆ ತಟ್ಟೇಲೇ ಕಟ್ಕೊಂಡು ಗೂಡು ಹಾಳು.

ನನ್ಗೆ ಒಂದು ಡೌಟು. ಸಿಬಿ (ಮಿಶ್ರತಳಿ) ಗೂಡು ಹಳದಿ, ಬೈವೋಲ್ಟಿನ್ ತಳಿ ಗೂಡು ಬಿಳಿ. ಎರಡಕ್ಕೂ ನಾನು ಹಾಕೋದು ಅದೇ ತೋಟದ ಸೊಪ್ಪು. ಹಂಗಿದ್ರೆ ಬಣ್ಣ ಸೊಪ್ಪಿಂದಾ, ತಳಿದಾ?

ಹುಳಪುಸ್ತಕ
ಎರಡರದ್ದೂ. ಇಷ್ಟು ಹೊತ್ತು ಮಾತಾಡುತ್ತಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ಹಳದಿ ಬರುವುದು ಹಿಪ್ಪುನೇರಳೆ ಎಲೆಯ ಕೆರೊಟಿನಾಯ್ಡ್‌ನಿಂದ. ಹುಳ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಆದರೆ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಅದನ್ನು ದಾಟಿಸುವ ಬಾಗಿಲುಗಳು ಇರುವುದು ವಂಶವಾಹಿಯ ಕೈಯಲ್ಲಿ. ಮೈಸೂರು ತಳಿಯ ರಕ್ತ ಇರುವ ಮಿಶ್ರತಳಿಯಲ್ಲಿ ಬಾಗಿಲು ತೆರೆದಿದೆ, ಬಿಳಿ ಗೂಡಿನ ತಳಿಯಲ್ಲಿ ಎಲ್ಲೋ ಒಂದು ಕಡೆ ಮುಚ್ಚಿದೆ. ಸೊಪ್ಪಿಲ್ಲದೆ ಹಳದಿ ಇಲ್ಲ, ಬಾಗಿಲಿಲ್ಲದೆಯೂ ಇಲ್ಲ.

ರೇಷ್ಮೆ ಮನೆ
ಓಹೋ. ಅದ್ಕೇ ನೂಲು ತೆಗೆದು ಸೋಪು ನೀರಾಗೆ ಕುದ್ಸಿದ್ರೆ ಹಳದಿ ಹೊರಟೋಗ್ತದಾ?

ಹುಳಪುಸ್ತಕ
ಹೌದು, ಆ ಬಣ್ಣ ಬಹುತೇಕ ಹೊರಗಿನ ಅಂಟಿನಲ್ಲಿ, ಅಂದರೆ ಸೆರಿಸಿನ್‌ನಲ್ಲಿ ಇರುತ್ತದೆ. ಅಂಟು ತೆಗೆದರೆ ಬಣ್ಣವೂ ಹೋಯಿತು.

ಕೆಂಪಿಟ್ಟಿಗೆ
ಮ್ಯಾಂಚೆಸ್ಟರ್‌ನಿಂದ ಬರೆಯುತ್ತಿದ್ದೇನೆ, ಮೂಲ ದಾವಣಗೆರೆ. ಬಣ್ಣಗೆಟ್ಟ ಹುಳದ ಮಾತೆತ್ತಿದರೆ ಈ ಊರನ್ನು ಬಿಡುವ ಹಾಗಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದವರಿಗೆ ಇಲ್ಲಿನ ಮಸಿ ಗೊತ್ತಿತ್ತೋ ಇಲ್ಲವೋ. ತೊಳೆಯದೆ ಉಳಿದ ಹಳೇ ಕಟ್ಟಡಗಳ ಕಲ್ಲು ಈಗಲೂ ಒಲೆಯ ಹಿಂದಿನ ಗೋಡೆಯಷ್ಟು ಕಪ್ಪು.

ಪೆಪ್ಪರ್ಡ್ ಮಾತ್ ಎಂಬ ಪತಂಗ ಇಲ್ಲಿಯದು. ಬಿಳಿ ರೆಕ್ಕೆಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ. 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪೂರ್ತಿ ಕಪ್ಪು ಪತಂಗವೊಂದು ಸಿಕ್ಕಿದ್ದು ದಾಖಲಾಗಿದೆ. 1895ರ ಹೊತ್ತಿಗೆ ಈ ಊರಿನ ಪತಂಗಗಳಲ್ಲಿ ಶೇಕಡಾ 98 ಕಪ್ಪು! ಗಿರಣಿ ಹೊಗೆಗೆ ಮರದ ತೊಗಟೆಯ ಮೇಲಿನ ಕಲ್ಲುಹೂವು ಸತ್ತು, ತೊಗಟೆಯೇ ಮಸಿಯಾಗಿತ್ತು. ಬಿಳಿ ಪತಂಗ ಹಕ್ಕಿಗೆ ಎದ್ದು ಕಂಡಿತು, ಕರಿಯದು ಬಚಾವಾಯಿತು. 1956ರಲ್ಲಿ ಶುದ್ಧ ಗಾಳಿ ಕಾಯಿದೆ ಬಂದು ಹೊಗೆ ಇಳಿದ ಮೇಲೆ ಕರಿಯವು ಕಡಿಮೆಯಾಗುತ್ತಾ ಬಂದು ಈಗ ಅವೇ ಅಪರೂಪ.

ಸಂಶಯ ಅವರೇ, ನಿಮ್ಮ ಅನುಮಾನಕ್ಕೆ ಇಲ್ಲಿ ಅರ್ಧ ಜಯ. ಪರಿಸರ ಹಾಳಾಗಿದ್ದಕ್ಕೇ ಬಣ್ಣ ಬದಲಾಯಿತು, ನಿಜ. ಆದರೆ ಮಸಿ ಯಾವ ಪತಂಗಕ್ಕೂ ಬಣ್ಣ ಬಳಿಯಲಿಲ್ಲ. 2016ರಲ್ಲಿ ಲಿವರ್‌ಪೂಲ್‌ನ ವಿಜ್ಞಾನಿಗಳು ಕಪ್ಪಿಗೆ ಕಾರಣವಾದ ತುಣುಕನ್ನೇ ಹಿಡಿದರು: ಜಾಗ ಬದಲಿಸುವ ಡಿಎನ್‌ಎ ತುಂಡೊಂದು ಕಾರ್ಟೆಕ್ಸ್ ಎಂಬ ಜೀನ್ ಒಳಗೆ ಹೋಗಿ ಕೂತಿತ್ತು. ಅದು ನಡೆದದ್ದು ಸುಮಾರು 1819ರಲ್ಲಿ ಎಂದು ಅಂದಾಜು. ಅಂದರೆ ಕಪ್ಪು ಆಕಸ್ಮಿಕವಾಗಿ ಹುಟ್ಟಿತು, ಹೊಗೆ ಅದನ್ನು ಮೇಲೆತ್ತಿತು.

ಸಂಶಯ ಪಿಶಾಚಿ
ಅರ್ಧ ಜಯವಾದರೂ ಸಿಕ್ಕಿತಲ್ಲ. ಹಾಗಾದರೆ ಪರಿಸರವೇ ನೇರವಾಗಿ, ಒಂದೇ ಜನ್ಮದಲ್ಲಿ, ಹುಳದ ಬಣ್ಣ ತಿರುಗಿಸುವುದು ಆ ತೊಗರಿ ಕೀಡಿ ಬಿಟ್ಟರೆ ಇಲ್ಲವೇ ಇಲ್ಲವಾ?

ಕೋಲಾರದ ಎಕ್ಕ
ಯಾಕಿಲ್ಲ, ಹಿಂಡು ಕಟ್ಟೋ ಮಿಡತೆ ಲೋಕಸ್ಟ್ ಇಲ್ವಾ! 2020ರ ಮೇನಲ್ಲಿ ಜೈಪುರದ ಮೇಲೆ ಹಾರಿದ ಹಿಂಡಿನ ವಿಡಿಯೊ ನೋಡಿ ನಮ್ಮ ಕಡೆಯೂ ಜನ ಗಾಬರಿಯಾಗಿದ್ದರು. ಎಕ್ಕದ ಗಿಡದ ತುಂಬಾ ಕೂತ ಹಳದಿ, ನೀಲಿ ಪಟ್ಟೆಯ ಮಿಡತೆ ತೋರಿಸಿ "ಬಂದೇ ಬಿಡ್ತು" ಅಂದವರಿದ್ದಾರೆ. ಅದು ಎಕ್ಕವನ್ನೇ ನೆಚ್ಚಿಕೊಂಡ ಪಾಪದ ಮಿಡತೆ, ಅದರ ಹಾಲಿನ ವಿಷ ಮೈಯಲ್ಲಿ ಇಟ್ಟುಕೊಂಡು "ನನ್ನ ತಿನ್ನಬೇಡಿ" ಅಂತ ಬಣ್ಣ ತೋರಿಸಿಕೊಂಡಿರುತ್ತೆ.

ಮರುಭೂಮಿ ಮಿಡತೆಯ ಕಥೆ ಬೇರೆ. ಒಂಟಿಯಾಗಿ ಬೆಳೆದ ಮರಿ ಹಸಿರು ಅಥವಾ ಕಂದು. ಮಳೆ ಬಂದು ಸಂಖ್ಯೆ ಹೆಚ್ಚಿ ಒಂದಕ್ಕೊಂದು ತಾಗುವಷ್ಟು ಒತ್ತಾದರೆ ಮರಿಗಳು ಹಳದಿ, ಕಪ್ಪು ಆಗ್ತವೆ. ರೆಕ್ಕೆ ಬಂದ ಹೊಸದರಲ್ಲಿ ಗುಲಾಬಿ, ಮೊಟ್ಟೆ ಇಡೋ ವಯಸ್ಸಿಗೆ ಹಳದಿ. ಜೈಪುರದಲ್ಲಿ ಕಂಡ ಹಿಂಡು ಗುಲಾಬಿಯೇ. ಇವೆಲ್ಲ ಬೇರೆ ಬೇರೆ ಜಾತಿ ಅಂತ ಜನ ತಿಳಿದಿದ್ದರು. ಒಂದೇ ಜಾತಿಯ ಎರಡು ಅವಸ್ಥೆ ಅಂತ 1921ರಲ್ಲಿ ಕೀಟವಿಜ್ಞಾನಿ ಬೋರಿಸ್ ಉವರೊವ್ ವಲಸೆ ಮಿಡತೆಯಲ್ಲಿ ತೋರಿಸಿಕೊಟ್ಟ. ಹಿಂಗಾಲಿಗೆ ಪದೇ ಪದೇ ಏನಾದ್ರೂ ತಾಗ್ತಾ ಇದ್ದರೆ ಅದರ ನರದಲ್ಲಿ ಸೆರೊಟೊನಿನ್ ಅನ್ನೋ ರಾಸಾಯನಿಕ ಏರಿ, ಒಂಟಿ ಮಿಡತೆ ಕೆಲವೇ ಗಂಟೆಯಲ್ಲಿ ಗುಂಪಿಗೆ ಸೇರೋ ಬುದ್ಧಿ ತಗೊಳ್ಳುತ್ತೆ ಅಂತ 2009ರಲ್ಲಿ ಗೊತ್ತಾಯ್ತು. ಬುದ್ಧಿ ಮೊದಲು, ಬಣ್ಣ ಆಮೇಲೆ.

ಬೇಣದಂಚು
ಎಕ್ಕ ಅವರೇ, ಹಾಗಾದರೆ ನಮ್ಮ ಗುಲಾಬಿ ಮರಿ ಹಿಂಡು ಕಟ್ಟುವ ಸೂಚನೆ ಅಲ್ಲ ತಾನೆ? ಅಮ್ಮ ಕೇಳಿದರು.

ಕೋಲಾರದ ಎಕ್ಕ
ಅಮ್ಮನಿಗೆ ಹೇಳಿ, ಆರಾಮಾಗಿರಲಿ. ಲೋಕಸ್ಟ್ ಗಿಡ್ಡ ಮೀಸೆಯ ಬಳಗ, ಮರುಭೂಮಿಯದು. ನಿಮ್ಮದು ಉದ್ದ ಮೀಸೆಯದು. ಎರಡು ಮನೆತನವೇ ಬೇರೆ.

ಬಾಲ್ಕನಿ ಕರಿಬೇವು
ಒಂದೇ ಜನ್ಮದಲ್ಲಿ ಬಣ್ಣ ತಿರುಗುವುದಕ್ಕೆ ನನ್ನ ಬಾಲ್ಕನಿಯೇ ಸಾಕ್ಷಿ. ಕರಿಬೇವಿನ ಕುಂಡಕ್ಕೆ ಕಾಮನ್ ಮಾರ್ಮನ್ ಚಿಟ್ಟೆ ಮೊಟ್ಟೆ ಇಡುತ್ತದೆ. ಮರಿ ಹುಳ ಮೊದಲು ಹಕ್ಕಿ ಹಿಕ್ಕೆಯಂತೆ ಕಪ್ಪುಬಿಳಿ, ಕೊನೆಯ ಪೊರೆ ಬಿಟ್ಟ ಮೇಲೆ ಹಸಿರು. ಇರಲಿ, ಅದು ಎಲ್ಲಾ ಹುಳಕ್ಕೂ ಒಂದೇ. ವಿಶೇಷ ಇರುವುದು ಕೋಶದಲ್ಲಿ, ಅಂದರೆ ಹುಳ ಚಿಟ್ಟೆಯಾಗುವ ಮುಂಚಿನ ಗೂಡಿನಲ್ಲಿ. ಈ ಸಲ ಎಲೆ ನಡುವೆ ಹಸಿರು ಕಡ್ಡಿಗೆ ಜೋತ ಹುಳದ ಕೋಶ ಎಳೆ ಹಸಿರು. ಕುಂಡ ಬಿಟ್ಟು ತೆವಳಿ ಹೋಗಿ ಒಣ ಬಿದಿರು ಕೋಲಿಗೆ ಅಂಟಿಕೊಂಡಿದ್ದು ಕಂದು, ಮರದ ಚಕ್ಕೆಯ ಹಾಗೆ. ಎರಡೂ ಒಂದೇ ತಾಯಿಯ ಮರಿಗಳು, ಮೊಟ್ಟೆ ಇಡುವುದನ್ನು ನಾನೇ ನೋಡಿದ್ದೆ. ಇಬ್ಬರು ಅಣ್ಣತಮ್ಮಂದಿರು, ಕೂತ ಜಾಗಕ್ಕೆ ತಕ್ಕ ಅಂಗಿ!

ಹುಳಪುಸ್ತಕ
ಬಾಲ್ಕನಿಯವರು ಬಹಳ ಚೆನ್ನಾಗಿ ನೋಡಿದ್ದೀರಿ. ಕೋಶ ಕಟ್ಟುವ ಮುಂಚೆ ಹುಳ ಅಲ್ಲಾಡದೆ ಕೂತಿರುತ್ತದಲ್ಲ, ಆ ಹೊತ್ತಿನಲ್ಲೇ ಕೂತ ಜಾಗದ ನುಣುಪು, ತೇವ, ಬೆಳಕು ಎಲ್ಲ ಸೇರಿ ಬಣ್ಣ ತೀರ್ಮಾನ ಆಗುತ್ತದೆ.

ಮಲೆನಾಡಿನವರಿಗೆ ಇನ್ನೊಂದು. ಮುಸ್ಸಂಜೆ ಜಗಲಿಯ ದೀಪಕ್ಕೆ ಬಂದು ಗೋಡೆಗೆ ಕೂರುವ ಕಂದು ಚಿಟ್ಟೆ, ಈವ್ನಿಂಗ್ ಬ್ರೌನ್, ನೋಡಿಯೇ ಇರುತ್ತೀರಿ. ಮಳೆಗಾಲದಲ್ಲಿ ಹುಟ್ಟಿದ್ದರ ರೆಕ್ಕೆಯಡಿ ಸಾಲಾಗಿ ಕಣ್ಣಿನಂಥ ಚುಕ್ಕೆಗಳು. ಬೇಸಿಗೆಯದ್ದಕ್ಕೆ ಆ ಕಣ್ಣು ಮಾಯವಾಗಿ, ಬರೀ ಒಣ ತರಗೆಲೆ. ಅದೂ ಒಂದರಂತೆ ಇನ್ನೊಂದಿಲ್ಲ. ಕಂದು, ಇಟ್ಟಿಗೆ ಕೆಂಪು, ಬೂದಿ. ಆಫ್ರಿಕದ ಇದರ ಸಂಬಂಧಿ ಬೈಸೈಕ್ಲಸ್ ಚಿಟ್ಟೆಯಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದ್ದಾರೆ. ಮರಿಹುಳದ ಕೊನೆಯ ದಿನಗಳ ಉಷ್ಣಾಂಶ, ಅದರಿಂದ ಎಕ್‌ಡೈಸೋನ್ ಹಾರ್ಮೋನು ಏರುವ ಹೊತ್ತು, ಅದರಿಂದ ಕಣ್ಚುಕ್ಕೆಯ ಗಾತ್ರ. ತಂಪಿಗೆ ಚಿಕ್ಕದು, ಬಿಸಿಗೆ ದೊಡ್ಡದು. ಆಫ್ರಿಕದ ಆ ಭಾಗದಲ್ಲಿ ಮಳೆಗಾಲವೇ ಬೆಚ್ಚಗಿರುತ್ತದೆ, ಅದಕ್ಕೇ ಲೆಕ್ಕ ಹೊಂದುತ್ತದೆ. ನಮ್ಮ ಮಳೆಗಾಲ ಬೇಸಿಗೆಗಿಂತ ತಂಪು. ಅಲ್ಲಿಯ ಸೂತ್ರ ಇಲ್ಲಿ ಹಾಗೇ ಕೂರುವುದಿಲ್ಲ.

ಬೇಣದಂಚು
ಬೇಸಿಗೆ ಅಂದಾಗ ನೆನಪಾಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಬೇಣಕ್ಕೆ (ಹುಲ್ಲುಗಾವಲಿಗೆ) ಬೆಂಕಿ ಬೀಳುತ್ತದೆ, ಯಾರು ಹಾಕುತ್ತಾರೋ. ಅದಾದ ಮೇಲೆ ಆ ಕರಕಲಿನಲ್ಲಿ ನಡೆದರೆ ಹಾರುವ ಮಿಡತೆಗಳು ಮಸಿ ಕಪ್ಪು. ಇಷ್ಟು ದಿನ ಬೂದಿ ಮೆತ್ತಿಕೊಂಡಿದೆ ಎಂದೇ ಅಂದುಕೊಂಡಿದ್ದೆ. ಮಾವನ ಬಸವನಹುಳುವಿನ ಹಾಗೆ ತೊಳೆದರೆ ಹೋಗುತ್ತದಾ?

ಹುಳಪುಸ್ತಕ
ಹೋಗದಿರುವ ಸಾಧ್ಯತೆಯೇ ಹೆಚ್ಚು! ಇದು ಗುಲಾಬಿಗಿಂತ ಸ್ವಾರಸ್ಯದ ವಿಷಯ, ಇದಕ್ಕೇ ಬೇರೆ ಎಳೆ ಶುರು ಮಾಡಬಹುದಿತ್ತು. ಆಫ್ರಿಕದ ಹುಲ್ಲುಗಾವಲುಗಳಲ್ಲಿ ಬೆಂಕಿ ಬಿದ್ದ ಮೇಲೆ ಮಿಡತೆಗಳು ಕಪ್ಪಾಗುವುದನ್ನು ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಕೆಲವು ಜಾತಿಗಳಲ್ಲಿ ಸುಟ್ಟ ನೆಲದ ಮೇಲಿದ್ದ ಮರಿ ಕೆಲವೇ ದಿನಗಳಲ್ಲಿ, ಪೊರೆ ಬಿಡುವ ಹೊತ್ತಿಗೆ ನಿಜವಾಗಿಯೂ ಕಪ್ಪಾಗುತ್ತದೆ. ಮೇಲಿಂದ ಬೀಳುವ ಬೆಳಕಿಗೂ ನೆಲದಿಂದ ತಿರುಗಿ ಬರುವ ಬೆಳಕಿಗೂ ಇರುವ ಅಂತರ ಅದರ ಕಣ್ಣಿಗೆ ಗೊತ್ತಾಗುತ್ತದೆ. ಸ್ವೀಡನ್‌ನಲ್ಲಿ ಕುಳ್ಳ ಮಿಡತೆಗಳ ಮೇಲೆ ನಡೆದ ಅಧ್ಯಯನದಲ್ಲಿ ಕಂಡದ್ದು ಇನ್ನೊಂದು ದಾರಿ. ಅಲ್ಲಿ ಕಪ್ಪು ಹುಟ್ಟಿನಿಂದಲೇ ಇರುವ ಗುಣ. ಕಾಡು ಸುಟ್ಟ ಜಾಗದಲ್ಲಿ ಕಪ್ಪಿನವು ಹೆಚ್ಚು ಉಳಿದು, ಹಸಿರು ಮರಳಿದ ಕೆಲವೇ ವರ್ಷಗಳಲ್ಲಿ ಮತ್ತೆ ಕಡಿಮೆಯಾದವು. ಮ್ಯಾಂಚೆಸ್ಟರ್ ಕಥೆಯೇ, ಬರೀ ಚಿಕ್ಕ ಅಳತೆಯಲ್ಲಿ.

ನಿಮ್ಮ ಬೇಣದಲ್ಲಿ ಯಾವುದು ನಡೆಯುತ್ತಿದೆ ಎಂದು ನೀವೇ ನೋಡಬಹುದು. ಸುಟ್ಟ ಭಾಗದಲ್ಲೂ ಸುಡದ ಭಾಗದಲ್ಲೂ ಒಂದೊಂದು ಗೆರೆ ಗುರುತು ಮಾಡಿಕೊಂಡು, ವಾರಕ್ಕೊಮ್ಮೆ ಅದೇ ಹೊತ್ತಿಗೆ ನಡೆದು ಹೋಗಿ. ಎದ್ದ ಮಿಡತೆಗಳ ಬಣ್ಣ ಬರೆಯಿರಿ. ಒಂದೇ ಜಾತಿಯನ್ನು ಆರಿಸಿಕೊಳ್ಳಿ. ಮರಿಗಳದ್ದು, ರೆಕ್ಕೆ ಬಂದವುಗಳದ್ದು ಬೇರೆ ಬೇರೆ ಲೆಕ್ಕ ಇಡಿ. ಒಂದೆರಡು ಹಸಿರು ಅಥವಾ ಕಂದು ಮರಿಗಳನ್ನು ಇದ್ದಿಲ ಪುಡಿ ಹಾಸಿದ ಡಬ್ಬಿಯಲ್ಲಿ, ಬೆಳಕು ಚೆನ್ನಾಗಿ ಬೀಳುವಲ್ಲಿ, ಹುಲ್ಲು ಹಾಕಿ ಸಾಕಿ. ಪೊರೆ ಬಿಟ್ಟ ಮೇಲೆ ಕಪ್ಪಾದರೆ ಉತ್ತರ ಸಿಕ್ಕಿದಂತೆ.

ಮೈಲುತುತ್ತ ಮಾವ
ಲೆಕ್ಕ ಇಡುವುದಕ್ಕೋಸ್ಕರ ಬೇಣಕ್ಕೆ ಬೆಂಕಿ ಕೊಟ್ಟೀಯ ಮತ್ತೆ, ಹುಷಾರು. ಸೊಪ್ಪಿನ ಬೆಟ್ಟಕ್ಕೆ ಹತ್ತಿದರೆ ಅಪ್ಪ ನಿನ್ನ ಬಣ್ಣ ಬದಲಾಯಿಸುತ್ತಾರೆ.

ಬೇಣದಂಚು
ನಾನು ಕೊಡುವುದು ಬೇಡ ಮಾವಾ, ಅದು ಪ್ರತಿ ವರ್ಷ ತಾನಾಗಿಯೇ ಬೀಳುತ್ತದೆ! ಡಬ್ಬಿ, ಇದ್ದಿಲು ತಯಾರಿಡುತ್ತೇನೆ ಮೇಡಂ. ಮರಿಗಳ ಫೋಟೊ ಇಲ್ಲೇ ಹಾಕುತ್ತೇನೆ, ಜಾತಿ ಹೇಳಬೇಕು.

ತೊಗರಿ ಸೀಮಿ
ಮೇಡಂ, ನಮ್ದೊಂದು ಉಳೀತು ನೋಡ್ರಿ. ಆ ಜೋತು ಬಿದ್ದ ಕೀಡಿ ರೋಗ ನಾವೇ ಹೊಡೀಬಹುದಂತಲ್ಲ, ಎನ್‌ಪಿವಿ ಎಣ್ಣಿ ಅಂತ ಬರ್ತದ. ಹೋದ ವರ್ಷ ನಾ ಹೊಡದಿದ್ದೆ, ಕೆಲ್ಸಾನ ಮಾಡ್ಲಿಲ್ಲ. ಯಾವ ಬಣ್ಣದ ಕೀಡಿ ಇದ್ದಾಗ ಹೊಡೀಬೇಕ್ರಿ?

ಹುಳಪುಸ್ತಕ
ಬಣ್ಣ ನೋಡಬೇಡಿ, ಅಳತೆ ನೋಡಿ. ಕೀಡಿ ಇನ್ನೂ ಸಣ್ಣದಿರುವಾಗ, ಕಾಯಿಯೊಳಗೆ ತಲೆ ಹಾಕುವ ಮೊದಲು ಹೊಡೆಯಬೇಕು. ಬಲಿತ ಕೀಡಿ ಸಾಯುವಷ್ಟರಲ್ಲಿ ಬೆಳೆ ತಿಂದಿರುತ್ತದೆ. ಹೋದ ಸಲ ಎಷ್ಟು ಹೊತ್ತಿಗೆ ಹೊಡೆದಿದ್ದಿರಿ?

ತೊಗರಿ ಸೀಮಿ
ಮುಂಜಾನಿ ಹತ್ತಕ್ರಿ.

ಹುಳಪುಸ್ತಕ
ಅಲ್ಲೇ ಕೆಟ್ಟಿರಬೇಕು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಆ ನಂಜು ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೊತ್ತಿಳಿದ ಮೇಲೆ ಹೊಡೆಯಿರಿ.

ತೊಗರಿ ಸೀಮಿ
ಆತ್ರಿ. ಈ ಸಲ ಸಂಜೀಕ ಹೊಡದು ಏನಾತು ಅಂತ ಹೇಳ್ತೀನಿ.